ಆಪತ್ತಿನ ವಿಧಿವಾಕ್ಯಗಳು

ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ತಾಲೂಕುಗಳು ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಗೆ ಸೇರಿದವು. ಒಂದೇ ಮಳೆಗಾಲದಲ್ಲಿ ನದೀತೀರದಲ್ಲಿ ನೆರೆಯೂ ಒಳನಾಡಿನ ಹೊಲಗಳಲ್ಲಿ ಬರವೂ ಕಾಣುವುದು ಇಲ್ಲಿ ಅಪೂರ್ವವಲ್ಲ. ಇಂತಹ ಆಪತ್ತುಗಳಿಗಾಗಿ ಅಧಿಕಾರಿಗಳು ಬರೆಯುವ ಯೋಜನೆಗಳನ್ನೂ ಪ್ರಕಟಣೆಗಳನ್ನೂ ವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಅನುಚಿತವೆಂದು ಕೆಲವರಿಗೆ ತೋರಬಹುದು. ಆದರೆ ಅವು ಕಾರ್ಯದಲ್ಲಿ ಪ್ರವರ್ತಿಸುವ ವಾಕ್ಯಗಳು. ಅಂತಹ ವಾಕ್ಯಗಳ ಅರ್ಥವಿಚಾರಕ್ಕಾಗಿಯೇ ಮೀಮಾಂಸಾಶಾಸ್ತ್ರವು ಹುಟ್ಟಿತು.

ವಿಧಿವಾಕ್ಯವು ಮೂರು ಆಕಾಂಕ್ಷೆಗಳನ್ನು ತೀರಿಸಬೇಕೆಂದು ಮೀಮಾಂಸಕರ ಮತ: ಏನನ್ನು ಸಾಧಿಸಬೇಕು, ಯಾವುದರಿಂದ ಸಾಧಿಸಬೇಕು, ಯಾವ ಕ್ರಮದಿಂದ ಸಾಧಿಸಬೇಕು. ಇದಲ್ಲದೆ ಆ ಕರ್ಮಕ್ಕೆ ಅಧಿಕಾರಿ ಯಾರೆಂಬುದೂ ತಿಳಿಯಬೇಕು, ಸಾಮರ್ಥ್ಯವಿಲ್ಲದವನಿಗೆ ಅಧಿಕಾರವಿಲ್ಲ.

ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ದೈವಿಕ ಮಹಾಭಯಗಳ ಪ್ರಕರಣವುಂಟು. ಮಳೆಗಾಲದಲ್ಲಿ ನದೀತೀರದ ಗ್ರಾಮಸ್ಥರು ನೆರೆ ಮುಟ್ಟುವ ಎಲ್ಲೆಯನ್ನು ಬಿಟ್ಟು ವಾಸಿಸಬೇಕು, ಮರ, ಬಿದಿರು, ದೋಣಿಗಳನ್ನು ಕೂಡಿಟ್ಟುಕೊಳ್ಳಬೇಕು ಎಂಬುದು ಅಲ್ಲಿಯ ವಿಧಿ. ಕಾಲ, ಸ್ಥಳ, ಕರ್ತೃ, ಸಾಧನ ಎಲ್ಲವೂ ಇದರಲ್ಲಿ ಅಡಗಿವೆ. ಕೊಚ್ಚಿಹೋಗುವವರನ್ನು ರಕ್ಷಿಸದವನಿಗೆ 12 ಪಣ ದಂಡವೆಂದು ಹೇಳಿ, ತೇಲುವ ಸಾಧನವಿಲ್ಲದವನಿಗೆ ಮಾತ್ರ ಅದರಿಂದ ವಿನಾಯಿತಿ ಕೊಟ್ಟಿರುವುದು ಇನ್ನೂ ಮನನೀಯವಾದುದು.

ಈಗ ನಮ್ಮ ಕಾಲದ ವಾಕ್ಯಗಳನ್ನು ನೋಡೋಣ. ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ನೀರು ಬಿಟ್ಟಾಗ, ಇಷ್ಟು ಕ್ಯೂಸೆಕ್ ಬಿಡಲಾಗಿದೆ, ತೀರದವರು ಎಚ್ಚರದಿಂದಿರಬೇಕು ಎಂಬ ಬಗೆಯ ಪ್ರಕಟಣೆ ಹೊರಡುವುದು ರೂಢಿ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಹರಿಯುವ ಘನ ಅಡಿ. ಅದು ಪ್ರವಾಹದ ಪರಿಮಾಣವನ್ನು ಹೇಳುತ್ತದೆಯೇ ಹೊರತು ಮನೆಯ ಹೊಸ್ತಿಲಿಗೆ ಬರುವ ನೀರಿನ ಎತ್ತರವನ್ನಲ್ಲ. 'ಎಚ್ಚರ'ವೆಂಬುದೋ ಮನಸ್ಸಿನ ಸ್ಥಿತಿ, ಕ್ರಿಯೆಯಲ್ಲ. 2019ರ ಆಗಸ್ಟಿನಲ್ಲಿ ಲಿಂಗಸುಗೂರು ತಾಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಊರುಗಳ ದಾರಿ ಕಡಿದಾಗ, ಅಲ್ಲಿಯವರಿಗೆ ಬೇಕಾದ ಮಾತು ಬೇರೆ: ಸೇತುವೆ ಯಾವ ಹೊತ್ತಿಗೆ ಮುಳುಗುವುದು, ರೋಗಿಗಳೂ ಗರ್ಭಿಣಿಯರೂ ಅದಕ್ಕೆ ಮುನ್ನ ಎಲ್ಲಿಗೆ ಹೋಗಬೇಕು, ಅವರನ್ನು ಕರೆದೊಯ್ಯುವವರು ಯಾರು.

ಸಿಂಧನೂರಿನ ಆಪತ್ತು ಅದರ ಸ್ವಂತ ಆಕಾಶದಿಂದಲೇ ಬರಬೇಕೆಂದಿಲ್ಲ. ಅಲ್ಲಿಯ ಭತ್ತದ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯೇ ಜೀವಾಳ. 2024ರ ಆಗಸ್ಟ್ 10ರ ರಾತ್ರಿ ದೂರದ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಗಿ, ಶೇಖರಿಸಿದ ನೀರು ಹೊಳೆಗೆ ಹರಿದುಹೋದಾಗ, ಸ್ಥಳೀಯ ಮಳೆಯ ಲೆಕ್ಕವೊಂದರಿಂದಲೇ ಆ ಭಯವನ್ನು ಅಳೆಯುವಂತಿರಲಿಲ್ಲ. ಇದಕ್ಕೆ ವಿಪರೀತವಾಗಿ, ಮಳೆಯನ್ನೇ ನಂಬಿದ ಹೊಲಗಳಿಗೆ ತಾಲೂಕಿನ ಸರಾಸರಿ ಸಾಲದು; ಒಂದೂರಿನ ಅತಿವೃಷ್ಟಿ ಪಕ್ಕದೂರಿನ ಅನಾವೃಷ್ಟಿಯನ್ನು ಲೆಕ್ಕದಲ್ಲಿ ಮರೆಮಾಡುತ್ತದೆ. ಗ್ರಾಮ ಪಂಚಾಯತಿಗೊಂದರಂತೆ ಮಳೆಮಾಪಕಗಳನ್ನು ನೆಟ್ಟ ಕರ್ನಾಟಕದ ವ್ಯವಸ್ಥೆ ಈ ದೃಷ್ಟಿಯಿಂದ ಶ್ಲಾಘ್ಯ. ಉಗ್ರಾಣದಲ್ಲಿ ಮಳೆ ಅಳೆಯುವ ಪಾತ್ರೆಯಿರಬೇಕೆಂದ ಕೌಟಿಲ್ಯನಿಗೂ ಇಷ್ಟು ಸೂಕ್ಷ್ಮವು ಸಾಧ್ಯವಿರಲಿಲ್ಲ.

ಹಾಗಾದರೆ ಕೊರತೆಯಿರುವುದು ಮಾಪನದಲ್ಲಲ್ಲ, ವಿಧಿಯಲ್ಲಿ. 2005ರ ವಿಪತ್ತು ನಿರ್ವಹಣಾ ಕಾಯಿದೆಯು ಪ್ರತಿ ಜಿಲ್ಲೆಗೂ ಯೋಜನೆಯನ್ನು ವಿಧಿಸಿ, ಅದನ್ನು ವರ್ಷವರ್ಷವೂ ಪರಿಷ್ಕರಿಸಬೇಕೆಂದಿದೆ. ಸ್ಥಳೀಯ ಸಂಸ್ಥೆಗಳಿಗೂ ಕರ್ತವ್ಯವನ್ನು ಹಂಚಿದೆ. ಆದರೆ ದೋಣಿಯಿಲ್ಲದ ಪಂಚಾಯತಿಗೆ ರಕ್ಷಣೆಯನ್ನು ವಿಧಿಸಿದರೆ ವಾಕ್ಯವು ಪೂರ್ಣವಾದಂತೆ ಕಂಡರೂ ಅಧಿಕಾರಿಯು ಸಿದ್ಧನಾಗಲಿಲ್ಲ. ಕೌಟಿಲ್ಯನು ಸಾಧನಹೀನನನ್ನು ದಂಡಿಸದೆ ಬಿಟ್ಟನು. ನೆರೆಯು ಹಾಗೆ ಬಿಡುವುದಿಲ್ಲ. ಆದುದರಿಂದ ಪರಿಷ್ಕರಣವೆಂದರೆ ಹೊಸ ಅಂಕಿಗಳನ್ನು ತುಂಬುವುದಷ್ಟೇ ಅಲ್ಲ, ಯಾವ ಊರಿನಲ್ಲಿ ಯಾರ ಕೈಯಲ್ಲಿ ಯಾವ ಸಾಧನವಿದೆಯೆಂದು ಪರೀಕ್ಷಿಸುವುದು.

1915ರಲ್ಲಿ ಮಸ್ಕಿಯಲ್ಲಿ ದೊರೆತ ಅಶೋಕನ ಶಾಸನವನ್ನು ಅವನ ಹೆಸರಿಗಾಗಿ ನಾವು ಕೊಂಡಾಡುತ್ತೇವೆ. ಅದು ಪ್ರಾಕೃತದಲ್ಲಿದೆ, ಅದರ ಉಪದೇಶವು ಹಿರಿಯರಿಗೆ ಮಾತ್ರವಲ್ಲದೆ ಸಾಮಾನ್ಯರಿಗೂ ಉದ್ದಿಷ್ಟವಾದುದು. ಆ ಬಂಡೆಯ ನೆರೆಹೊರೆಯಲ್ಲಿ ಬರೆಯುವ ಅಧಿಕಾರಿಗಳು ಈ ಗುಣವನ್ನೂ ಅನುಸರಿಸಿದರೆ, ಅವರ ವಾಕ್ಯಗಳು ನೀರು ಬರುವ ಮುನ್ನವೇ ಜನರನ್ನು ಮುಟ್ಟಿಯಾವು.