ಕೊನೆಯ ಐದು ಹೆಜ್ಜೆ

ಬೀದರ್ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ. ಭಾಲ್ಕಿ, ಔರಾದ್ ಕಡೆ ಇಳಿದರೆ ಕರಿ ಎರೆಮಣ್ಣು. ಹೈಜಂಪ್ ಮಟ್ಟಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಗಟ್ಟಿ ಮೊರಂ ನೆಲ ಊರಿದ ಕಾಲನ್ನು ಎತ್ತಿ ಕೊಡುತ್ತದೆ, ಮಳೆ ಬಿದ್ದ ಎರೆ ನೆಲ ಅಂಗಾಲಿಗೆ ಮೆತ್ತಿಕೊಳ್ಳುತ್ತದೆ.

ನೋಡುವವರ ಕಣ್ಣು ಬಾರ್ ಮೇಲೆ ಬಿಲ್ಲಾಗುವ ಬೆನ್ನಿನ ಮೇಲಿರುತ್ತದೆ. ಆದರೆ ಅಷ್ಟು ಹೊತ್ತಿಗೆ ಎತ್ತರ ನಿರ್ಧಾರವಾಗಿಬಿಟ್ಟಿರುತ್ತದೆ. ಕಾಲು ನೆಲ ಬಿಟ್ಟ ಮೇಲೆ ದೇಹದ ಗುರುತ್ವ ಕೇಂದ್ರದ ದಾರಿಯನ್ನು ಯಾರೂ ಬದಲಿಸಲಾರರು. ನಿಜವಾದ ಕೆಲಸ ಓಟದ ಕೊನೆಯ ನಾಲ್ಕೈದು ಹೆಜ್ಜೆಗಳದ್ದು. ಅಲ್ಲಿ ಓಟ ಬಾಗುತ್ತದೆ. ದೇಹ ತಿರುವಿನ ಒಳಕ್ಕೆ, ಅಂದರೆ ಬಾರ್‌ನಿಂದ ದೂರಕ್ಕೆ ವಾಲುತ್ತದೆ. ಸೊಂಟ ತುಸು ತಗ್ಗುತ್ತದೆ. ಆಮೇಲೆ ಜಿಗಿಯುವ ಕಾಲನ್ನು ದೇಹಕ್ಕಿಂತ ಮುಂದೆ, ಹೆಚ್ಚುಕಡಿಮೆ ನೆಟ್ಟಗೆ ಊರಬೇಕು. ಆ ಕಾಲು ನೆಲದ ಮೇಲಿರುವುದು ಸೆಕೆಂಡಿನ ಐದಾರು ಪಾಲಿನಲ್ಲಿ ಒಂದು ಪಾಲು ಮಾತ್ರ. ಅಷ್ಟರಲ್ಲೇ ಸೆಕೆಂಡಿಗೆ 7-8 ಮೀಟರ್ ವೇಗದ ಓಟದಿಂದ 4.5 ಮೀಟರ್‌ನಷ್ಟು ಮೇಲ್ಮುಖ ವೇಗ ಹುಟ್ಟಬೇಕು. ಅದು ಗುರುತ್ವ ಕೇಂದ್ರವನ್ನು ಇನ್ನೊಂದು ಮೀಟರ್ ಎತ್ತುತ್ತದೆ. 1993ರಲ್ಲಿ ಕ್ಯೂಬಾದ ಹವಿಯೆರ್ ಸೊಟೊಮಯೊರ್ 2.45 ಮೀಟರ್ ದಾಟಿದ್ದು ಈ ಲೆಕ್ಕದ ತುತ್ತತುದಿ.

ಮಂಗಳೂರು ಬಳಿಯ ಉಚ್ಚಿಲದ ಸಹನಾ ಕುಮಾರಿ 1.92 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದದ್ದು 2012ರಲ್ಲಿ, ಬೀದರಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರವಾದ ಹೈದರಾಬಾದಿನಲ್ಲಿ. ಆ ಜಿಗಿತ ಅವರನ್ನು ಲಂಡನ್ ಒಲಿಂಪಿಕ್ಸ್‌ಗೆ ಕರೆದೊಯ್ದಿತು.

ಅದೇ ವರ್ಷ ಅದೇ ಲಂಡನ್ನಿನಲ್ಲಿ ಇನ್ನೊಬ್ಬ ಕನ್ನಡಿಗ ಮಾಡಿದ್ದು ಇದಕ್ಕಿಂತ ಸೋಜಿಗದ್ದು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರ ಎಡಗಾಲಿನಲ್ಲಿ ಹುಟ್ಟಿನಿಂದಲೇ ಊನ. ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು 1.74 ಮೀಟರ್ ದಾಟಿ ಬೆಳ್ಳಿ ಗೆದ್ದದ್ದು ಒಂದಾದ ಮೇಲೊಂದು ಕಾಲನ್ನು ಬಾರ್ ದಾಟಿಸುವ ಕತ್ತರಿ ಜಿಗಿತದಿಂದ. ಬೆನ್ನು ಕೆಳಗಾಗಿ ಬಾರ್ ದಾಟುವ ಫಾಸ್ಬರಿ ಶೈಲಿಯಲ್ಲಿ ಬಿಲ್ಲಾದ ದೇಹದ ಗುರುತ್ವ ಕೇಂದ್ರ ಬಾರ್‌ಗಿಂತ ಕೆಳಗೇ ನುಸುಳಬಹುದು. ಕತ್ತರಿಯಲ್ಲಿ ಆ ರಿಯಾಯಿತಿ ಇಲ್ಲ. ಕುಳಿತ ಭಂಗಿಯಲ್ಲೇ ದಾಟಬೇಕಾದ್ದರಿಂದ ಗುರುತ್ವ ಕೇಂದ್ರ ಬಾರ್‌ಗಿಂತ ಗೇಣುದ್ದ ಮೇಲೇರಲೇಬೇಕು. ಗಿರೀಶ ಅವರ ಬಲಗಾಲು ಗುರುತ್ವ ಕೇಂದ್ರವನ್ನು ಎತ್ತಿದ ಎತ್ತರ ಅಂಕಿಯಲ್ಲಿ ಕಾಣುವ 1.74ಕ್ಕಿಂತ ಹೆಚ್ಚು.

ಫೋಮ್ ಹಾಸಿಲ್ಲದ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರು ಮಕ್ಕಳಿಗೆ ಕತ್ತರಿಯನ್ನೇ ಕಲಿಸುವುದು ಕೀಳಲ್ಲ. ಮರಳಿನ ಗುಂಡಿಗೆ ಬೆನ್ನು ಕೊಟ್ಟು ಬಿದ್ದರೆ ಕುತ್ತಿಗೆಗೆ ಅಪಾಯ. ಕತ್ತರಿಯಲ್ಲಿ ಮಗು ಕಾಲೂರಿ ಇಳಿಯುತ್ತದೆ. ಊರುವ ಕಾಲಿಗಂತೂ ಎರಡೂ ಶೈಲಿಯಲ್ಲಿ ಕೆಲಸ ಬಹುಪಾಲು ಒಂದೇ. ಫಾಸ್ಬರಿಯಲ್ಲಿ ಪಳಗಿದವರೂ ಬಾಗಿದ ಓಟದಿಂದ ಕತ್ತರಿ ಹಾಕಿಯೇ ತಾಲೀಮು ಮಾಡುತ್ತಾರೆ. ಔರಾದಿನ ಮೈದಾನದಲ್ಲಿ ಬೇಕಿರುವುದು ನೆಲ ಒಣಗಿದ ಬೆಳಗ್ಗೆ ಒಂದು ಬುಟ್ಟಿ ಸುಣ್ಣದ ಪುಡಿ, ಬಾರ್ ಕಡೆಗೆ ಬಾಗುವ ಒಂದು ಗೆರೆ, ಅದರ ಮೇಲೆ ಐದು ಹೆಜ್ಜೆಯ ಗುರುತು.