ನಂಜನಗೂಡಿನ ಜಂಗಮಹತ್ಯೆ: ಒಂದು ವೃತ್ತಾಂತದ ವಿಮರ್ಶೆ

ಇಟಲಿಯ ಉಂಬರ್ಟೊ ಎಕೊ 1980ರಲ್ಲಿ ಪ್ರಕಟಿಸಿದ ‘ದಿ ನೇಮ್ ಆಫ್ ದಿ ರೋಸ್’ ಕಾದಂಬರಿಯು 1327ರಲ್ಲಿ ಒಂದು ಕ್ರೈಸ್ತ ಮಠದೊಳಗೆ ನಡೆದ ಸಾಲುಕೊಲೆಗಳ ಕಥೆ. ವಿಲಿಯಂ ಎಂಬ ಸನ್ಯಾಸಿಯು ಕುರುಹುಗಳನ್ನು ಅರಸಿ ಅಲ್ಲಿಯ ರಹಸ್ಯವನ್ನು ಬಿಡಿಸುತ್ತಾನೆ. ಮೈಸೂರು ಸೀಮೆಯ ಮಠಗಳ ಇತಿಹಾಸದಲ್ಲಿ ಇದಕ್ಕಿಂತಲೂ ಘೋರವಾದ ವೃತ್ತಾಂತವೊಂದುಂಟು. ಇಲ್ಲಿ ಕೊಲ್ಲಿಸಿದವನಾರೆಂಬುದು ಮೊದಲೇ ಹೇಳಲ್ಪಟ್ಟಿದೆ. ಹೇಳಿದವನು ಅದನ್ನು ಅರಿತುದೆಂತು ಎಂಬುದೇ ಇಲ್ಲಿಯ ರಹಸ್ಯ.

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿ ಕಾರ್ಯಮಾಡಿದ ಮಾರ್ಕ್ ವಿಲ್ಕ್ಸ್‌ನು 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದ ಮೊದಲ ಸಂಪುಟದಲ್ಲಿ ಇದನ್ನು ನಿರೂಪಿಸಿದ್ದಾನೆ. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಹೊಸ ತೆರಿಗೆಗಳ ಭಾರವನ್ನು ತಾಳಲಾರದೆ ರೈತರು ಉಳುಮೆಯನ್ನು ನಿಲ್ಲಿಸಿ, ಊರಬಾಗಿಲ ಮರಗಳಿಗೆ ನೇಗಿಲುಗಳನ್ನು ತಲೆಕೆಳಗಾಗಿ ತೂಗಹಾಕಿದರು. ಅವರ ಗುರುಗಳಾದ ಜಂಗಮರನ್ನು ಮಾತುಕತೆಯ ನೆಪದಿಂದ ನಂಜನಗೂಡಿನ ದೇವಾಲಯಕ್ಕೆ ಕರೆಸಲಾಯಿತು. ಬಂದವರು ಸುಮಾರು 400 ಮಂದಿ. ಅರಸನಿಗೆ ವಂದಿಸಿದ ಒಬ್ಬೊಬ್ಬರನ್ನೂ ಉಪಾಹಾರಕ್ಕೆಂದು ಡೇರೆಯ ಮರೆಗಳ ಆಚೆಗೆ ಕಳುಹಿಸಿ, ಶಿರಚ್ಛೇದ ಮಾಡಿ ಗುಂಡಿಗೆ ಕೆಡಹಲಾಯಿತು. ಅದೇ ದಿನ 700ಕ್ಕೂ ಮಿಕ್ಕ ಮಠಗಳು ನಾಶವಾದುವೆಂದೂ ಅವನು ಬರೆಯುತ್ತಾನೆ.

ಈ ನಿರೂಪಣೆಯಲ್ಲಿ ವಿಚಾರಾರ್ಹವಾದ ಅಂಶವೊಂದಿದೆ. ಒಳಹೋದವರಲ್ಲಿ ಹಿಂದಿರುಗಿದವರಿಲ್ಲ, ಹೊರಗಿದ್ದವರಿಗೆ ಸುಳಿವೇ ಇರಲಿಲ್ಲ. ಹೀಗಿರಲು ಡೇರೆಯ ಮರೆಗಳ ವಿನ್ಯಾಸ, ಗುಂಡಿ, ಕೊಲೆಗಾರರ ಕೈಚಳಕ ಇವುಗಳನ್ನು ಕಂಡು ಹೇಳಿದವರಾರು? ಅವು ಅರಮನೆಯ ಕಡೆಯಿಂದ ಬಂದ ಸಾಕ್ಷ್ಯವಾಗಿರಬೇಕು, ಇಲ್ಲವೇ ದುಃಖಿತ ಜನತೆ ತನ್ನ ನಷ್ಟಕ್ಕೆ ಕೊಟ್ಟ ರೂಪವಾಗಿರಬೇಕು. ಅರಸನ ಮರಣಕ್ಕೂ ವಿಲ್ಕ್ಸ್‌ನ ಗ್ರಂಥಕ್ಕೂ ನಡುವೆ 106 ವರ್ಷಗಳು ಕಳೆದಿದ್ದುವೆಂಬುದನ್ನು ಮರೆಯಲಾಗದು. 400, 700 ಎಂಬ ತುಂಬು ಸಂಖ್ಯೆಗಳೂ ಎಣಿಕೆಗಿಂತ ಜನಶ್ರುತಿಯನ್ನೇ ಸೂಚಿಸುತ್ತವೆ.

ಹಾಗೆಂದು ಇದನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆಸ್ಥಾನದ ಪ್ರಶಸ್ತಿಕಾವ್ಯಗಳಿಂದ ಇಂಥ ಕೃತ್ಯದ ಒಪ್ಪಿಗೆಯನ್ನು ನಿರೀಕ್ಷಿಸಲಾಗದು. ಕೊಲೆಯಾದವರು ಶಾಸನ ಬರೆಯಿಸುವುದಿಲ್ಲ. ತಲೆಕೆಳಗಾದ ನೇಗಿಲಿನಂತಹ ವಿವರವು ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ; ಅದರಲ್ಲಿ ಮಣ್ಣಿನ ವಾಸನೆಯಿದೆ.

ಯಳಂದೂರಿನ ಜೈನ ಮಂತ್ರಿ ವಿಶಾಲಾಕ್ಷ ಪಂಡಿತನು ಕೊಲೆಗೀಡಾದ ಸಂಗತಿಯೂ ಇದೇ ಆಳ್ವಿಕೆಗೆ ಸೇರಿದುದು. ಇದರಿಂದ ಇಡೀ ಪ್ರಕರಣವನ್ನು ಜೈನ–ವೀರಶೈವ ವೈರವೆಂದು ಓದುವ ರೂಢಿ ಬೆಳೆಯಿತು. ಆದರೆ ವಿಲ್ಕ್ಸ್‌ನ ಕಥೆ ಮತದಿಂದಲ್ಲ, ತೆರಿಗೆಯಿಂದ ಆರಂಭವಾಗುತ್ತದೆ. ಜಂಗಮರು ಅರಸನ ಕಣ್ಣಿಗೆ ಬಿದ್ದುದು ಲಿಂಗಧಾರಿಗಳೆಂದಲ್ಲ, ರೈತರು ಅವರ ಮಾತನ್ನು ಕೇಳುತ್ತಿದ್ದರೆಂದು.

ಈ ವೃತ್ತಾಂತದ ಸತ್ಯಾಸತ್ಯತೆಯ ಶೋಧ ಇನ್ನು ನಡೆಯಬೇಕಾದುದು ಕಪಿಲೆ, ಕಾವೇರಿಗಳ ಸೀಮೆಯ ಮಠಗಳಲ್ಲಿಯೇ. ಭೇರ್ಯ, ಹುಣಸೂರು, ಹೆಗ್ಗಡದೇವನಕೋಟೆಗಳ ಸುತ್ತಿನ ಹಳೆಯ ಮಠಗಳ ಗುರುಪರಂಪರೆ, ಕಡತ, ದಾನಪತ್ರಗಳನ್ನು ಒಂದೆಡೆ ಇರಿಸಿ, ಆ ಕಾಲದಲ್ಲಿ ಎಷ್ಟು ಪೀಠಗಳ ಪರಂಪರೆ ಒಮ್ಮೆಗೇ ತುಂಡಾಯಿತೆಂದು ನೋಡಬೇಕು. ಹೆಸರಿಲ್ಲದೆ ಮಡಿದವರಿಗೆ ಹೆಸರನ್ನು ಮರಳಿಸುವುದು ಸೇಡಿಗಿಂತ ದೊಡ್ಡ ಕಾರ್ಯ.