ಗದ್ದಲಕ್ಕೂ ಕೈಗುಣವಿದೆ

ಈಚಿನ ವರ್ಷಗಳಲ್ಲಿ ಬಂದ ಪ್ರಯೋಗಶೀಲ ಸಂಗೀತದ ಬಿಡುಗಡೆಗಳಲ್ಲಿ ನಾನು ಮತ್ತೆ ಮತ್ತೆ ಹಾಕಿಕೊಂಡು ಕೇಳುವುದು ‘ದ ಎನ್‌ಐಡಿ ಟೇಪ್ಸ್’. ಆಲ್ಬಂ ಹೊರಬಂದದ್ದು 2023ರಲ್ಲಿ. ಒಳಗಿರುವ ಸದ್ದು ಮಾತ್ರ 1969ರಿಂದ 1972ರವರೆಗಿನದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಆಗ ಒಂದು ಮೂಗ್ ಸಿಂಥಸೈಸರ್ ಬಂದಿತ್ತು. ಅದನ್ನು ಜೋಡಿಸಿ ಸ್ಟುಡಿಯೋ ಕಟ್ಟಿಕೊಟ್ಟವರು ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಅವರ ಒಡನಾಡಿ, ಪಿಯಾನೋ ವಾದಕ ಡೇವಿಡ್ ಟ್ಯೂಡರ್. 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಕೇಜ್ ಅವರಿಗೆ ಭಾರತೀಯ ಸಂಗೀತದ ಪಾಠ ಹೇಳಿದ ಗೀತಾ ಸಾರಾಭಾಯಿ ಅವರೂ ಆ ಯಂತ್ರದ ಮುಂದೆ ಕೂತರು. ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ ಕೂತರು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಜಿನರಾಜ್ ಜೋಶಿಪುರ ಕೂಡ ಕೂತರು. ಮುಂದೆ ಆ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ದಶಕಗಟ್ಟಲೆ ಯಾರ ಕಿವಿಗೂ ಬೀಳದೆ ಇದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಸ್ ಹುಡುಕಿ ತೆಗೆದ ಮೇಲೆ ನಮಗೆ ಸಿಕ್ಕವು.

ಆ ಕಾಲದ ಮೂಗ್‌ನಲ್ಲಿ ಸಿದ್ಧ ಸ್ವರ ಎಂಬುದಿರಲಿಲ್ಲ. ಒಂದು ಘಟಕದಿಂದ ಇನ್ನೊಂದಕ್ಕೆ ವೈರು ಸಿಕ್ಕಿಸಿ, ಗುಂಡಿ ತಿರುಗಿಸಿ ಸದ್ದನ್ನು ಅಲ್ಲೇ ಹುಟ್ಟಿಸಬೇಕು. ವೈರು ಕಿತ್ತರೆ ಆ ಸದ್ದು ಹೋಯಿತು. ನಾಳೆ ಅದೇ ವೈರನ್ನು ಅದೇ ಜಾಗಕ್ಕೆ ಸಿಕ್ಕಿಸಿದರೂ ಅದೇ ಸದ್ದು ಬರುತ್ತದೆಂಬ ಖಾತ್ರಿಯಿಲ್ಲ. ಹಾಗಾಗಿ ಈ ಟೇಪುಗಳಲ್ಲಿ ಗುಂಡಿಯ ಮೇಲಿನ ಬೆರಳು ಕೇಳಿಸುತ್ತದೆ. ಒಂದು ಸ್ವರ ಮೇಲಕ್ಕೆ ಏರುತ್ತಾ ಹೋಗಿ ಒಂದು ಕಡೆ ತಡವರಿಸಿ ನಿಲ್ಲುತ್ತದೆ. ಅಲ್ಲಿ ಯಾರೋ ಕೇಳಿಸಿಕೊಂಡಿದ್ದಾರೆ, ಇಷ್ಟು ಸಾಕು ಎಂದುಕೊಂಡಿದ್ದಾರೆ. ಶರ್ಮಾ ಅವರ ‘ಡಾನ್ಸ್ ಮ್ಯೂಸಿಕ್’ನಲ್ಲಿ ಯಂತ್ರದ ತಾಳವೊಂದು ಪಟ್ಟು ಬಿಡದೆ ತಿರುಗುತ್ತದೆ. ಜೋಶಿಪುರ ಅವರ ‘ಸ್ಪೇಸ್ ಲೈನರ್ 2001’ರಲ್ಲಿ ಹುಡುಗನೊಬ್ಬನ ಬಾಹ್ಯಾಕಾಶದ ಕನಸು ಇದೆ. ಇವುಗಳಲ್ಲಿ ಕೆಲವು ತುಣುಕುಗಳು ಬರೀ ಅಭ್ಯಾಸದ ಮಟ್ಟದವು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮಾಥುರ್ ಅವರ ‘ವನ್ಸ್ ಐ ಪ್ಲೇಡ್ ಎ ತಾನ್‌ಪುರ’ ಎಂಬ ಹೆಸರಿನ ತುಣುಕಿಗೆ ಬಂದಾಗ ನಾನು ಬೇರೆ ಕೆಲಸ ಬಿಟ್ಟು ಕೂರುತ್ತೇನೆ.

ಯಾಕೆಂದರೆ ತಂಬೂರಿಯ ಹೆಸರೆತ್ತಿದ ಕೂಡಲೇ ನಮ್ಮ ಸಂಗೀತದ ಮರ್ಮವೊಂದು ಎದುರಿಗೆ ಬರುತ್ತದೆ. ಶ್ರುತಿ ಮಾಡುವವರನ್ನು ಹತ್ತಿರದಿಂದ ನೋಡಿ. ತಂತಿಗಳನ್ನು ಹೊಂದಿಸಿದ ಮೇಲೂ ಅವರ ಕೆಲಸ ಮುಗಿದಿರುವುದಿಲ್ಲ. ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ಹತ್ತಿಯ ಎಳೆ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಸರಿಸುತ್ತಾರೆ, ಮೀಟಿ ಕೇಳುತ್ತಾರೆ, ಮತ್ತೆ ಸರಿಸುತ್ತಾರೆ. ಜಾಗ ತಪ್ಪಿದರೆ ತಂತಿ ಮೊಂಡಾಗಿ ಟಣ್ ಎಂದು ಸಾಯುತ್ತದೆ. ಜಾಗ ಸಿಕ್ಕಿದರೆ ತಂತಿಯು ಕುದುರೆಯ ಬಾಗಿದ ಮೈಯನ್ನು ಸವರುತ್ತಾ ಝೇಂಕರಿಸಲು ಶುರುಮಾಡುತ್ತದೆ. ಒಂದೇ ಸ್ವರದೊಳಗಿಂದ ಮೇಲುಮೇಲಿನ ಸ್ವರಗಳು ಒಂದರ ಹಿಂದೊಂದು ಹೊರಡುತ್ತವೆ. ಆ ಗುಂಯ್‌ಗುಡುವಿಕೆಯನ್ನು ಬರೀ ಸದ್ದಾಗಿ ತೆಗೆದುಕೊಂಡರೆ ಅದೊಂದು ಕಂಪನದ ಗದ್ದಲ. ನಮ್ಮವರು ಅದನ್ನು ಕಳೆಯಲು ಹೋಗಲಿಲ್ಲ, ಬೇಕೆಂದೇ ಹುಡುಕಿ ಹಚ್ಚಿಟ್ಟರು.

ಈ ಕಿವಿ ಕಡಲು ದಾಟಿದ ಕಥೆ ಧಾರವಾಡದ ಸೀಮೆಯವರಿಗೆ ಹತ್ತಿರದ್ದು. ಕಿರಾನಾ ಘರಾನೆಯ ಅಬ್ದುಲ್ ಕರೀಮ್ ಖಾನ್ ಅವರಿಂದ ಕುಂದಗೋಳದ ಸವಾಯಿ ಗಂಧರ್ವರು ಕಲಿತರು, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಅದೇ ಘರಾನೆಯ ಇನ್ನೊಂದು ಕವಲು ಅಬ್ದುಲ್ ವಹೀದ್ ಖಾನ್ ಅವರದು. ಅವರ ಶಿಷ್ಯ ಪಂಡಿತ್ ಪ್ರಾಣನಾಥ್ 1970ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿನ ಸಂಗೀತ ರಚನಕಾರರಾದ ಲಾ ಮಾಂಟೆ ಯಂಗ್, ಟೆರ್ರಿ ರೈಲಿ ಪ್ರಾಣನಾಥರ ಶಿಷ್ಯರಾದರು. ಒಂದೇ ಸ್ವರದ ಮೇಲೆ ಗಂಟೆಗಟ್ಟಲೆ ನಿಲ್ಲುವ ಇವತ್ತಿನ ಡ್ರೋನ್ ಸಂಗೀತದ ಬಿಡುಗಡೆಗಳಲ್ಲಿ ಈ ಪಾಠದ ಫಲ ಕಾಣುತ್ತದೆ. ಷಡ್ಜದ ಮೇಲೆ ಸಾವಕಾಶವಾಗಿ ನಿಂತ ಆಲಾಪವನ್ನು ತಾಳ್ಮೆಯಿಂದ ಕೇಳಿದವರಿಗೆ ಈ ಸಂಗೀತ ಹೊಸದಲ್ಲ.

ಇನ್ನು ನಿಜವಾದ ಗದ್ದಲಕ್ಕೆ ಬರೋಣ. ಟೋಕಿಯೋದ ಮಸಾಮಿ ಅಕಿತಾ 1979ರಿಂದ ಮೆರ್ಜ್‌ಬೌ ಎಂಬ ಹೆಸರಿನಲ್ಲಿ ಸದ್ದು ಮಾಡುತ್ತಿದ್ದಾರೆ. ಅವರ ಬಿಡುಗಡೆಗಳು ನೂರುಗಳ ಲೆಕ್ಕದವು. 2000ದಲ್ಲಿ ಬಂದ ‘ಮೆರ್ಜ್‌ಬಾಕ್ಸ್’ ಒಂದರಲ್ಲೇ 50 ಸಿ.ಡಿ.ಗಳು. 1996ರ ‘ಪಲ್ಸ್ ಡೆಮನ್’ ಎಲ್ಲರೂ ಹೆಸರಿಸುವ ಆಲ್ಬಂ. ಮೊದಲ ಸಲ ಕೇಳಿದವರಿಗೆ ಅದು ಗೋಡೆಯ ಹಾಗೆ ಮುಖಕ್ಕೆ ಬಡಿಯುತ್ತದೆ. ಕೆಲವು ನಿಮಿಷ ಕಳೆಯಲಿ. ಕಿವಿ ಒಗ್ಗಿದ ಮೇಲೆ ಪದರಗಳು ಬಿಡಿಸಿಕೊಳ್ಳುತ್ತವೆ: ತಳದಲ್ಲಿ ಒಂದು ಮಿಡಿತ, ಅದರ ಮೇಲೆ ಕಿರ್ರನೆ ಕೊರೆಯುವ ಒಂದು ಗೀಟು, ಎಡಗಡೆ ಬಂದು ಥಟ್ಟನೆ ಮಾಯವಾಗುವ ಚೀರಾಟ. ಯಾವುದು ಎಷ್ಟು ಹೊತ್ತು ಇರಬೇಕು, ಯಾವುದನ್ನು ಎಲ್ಲಿ ಕತ್ತರಿಸಬೇಕು ಎಂಬ ತೀರ್ಮಾನ ಪ್ರತಿ ಕ್ಷಣವೂ ನಡೆಯುತ್ತಿರುತ್ತದೆ. ಇದನ್ನೇ ನಾನು ಕೈಗುಣ ಎನ್ನುವುದು.

ಹೊಸ ಬಿಡುಗಡೆ ಕೈಗೆ ಬಂದಾಗ ನಾನು ನೋಡುವುದು ಇದನ್ನೇ. ಕಿವಿ ಒಗ್ಗಿದ ಮೇಲೆ ಏನು ಉಳಿಯಿತು? ಈಗ ಬರುತ್ತಿರುವ ಬಹಳಷ್ಟು ಆಲ್ಬಂಗಳಲ್ಲಿ ಏನೂ ಉಳಿಯುವುದಿಲ್ಲ. ಒಂದು ಗುಡುಗನ್ನು ಹಚ್ಚಿ, ಅದರ ಮೇಲೆ ಗುಮ್ಮಟದ ಪ್ರತಿಧ್ವನಿ ಸುರಿದು ಅರ್ಧ ಗಂಟೆ ಬಿಟ್ಟುಬಿಡುತ್ತಾರೆ. ಜೋರು ಇದೆ, ಧೈರ್ಯ ಇಲ್ಲ. ಕ್ಯಾಸೆಟ್ಟಿನ ಹೊದಿಕೆ ಎಷ್ಟೇ ಚೆನ್ನಾಗಿರಲಿ, ಒಳಗೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ ಎಂಬುದು ಗೊತ್ತಾಗಿಬಿಡುತ್ತದೆ.

ಈ ವ್ಯತ್ಯಾಸ ಕೇಳಿಸಬೇಕಾದರೆ ಫೈಲು ಒಳ್ಳೆಯದಿರಬೇಕು. ಎಂಪಿ3 ತಯಾರಾಗುವುದು ಕಿವಿಗೆ ಹೇಗೂ ಕೇಳಿಸದು ಎಂದು ಲೆಕ್ಕ ಹಾಕಿದ ಸದ್ದನ್ನು ಕಿತ್ತುಹಾಕಿ. ಹಾಡುಗಾರಿಕೆಯಲ್ಲಿ ಈ ಲೆಕ್ಕ ನಡೆಯುತ್ತದೆ. ಗದ್ದಲದಲ್ಲಿ ಎಲ್ಲ ಕಂಪನಗಳೂ ಒಟ್ಟಿಗೆ ಇರುವುದರಿಂದ ಕಿತ್ತದ್ದು ಎದ್ದು ಕಾಣುತ್ತದೆ. ಚೂಪಾದ ಅಂಚುಗಳು ಕಲಸಿಹೋಗಿ ನೀರಿನೊಳಗಿಂದ ಕೇಳಿದಂತಾಗುತ್ತದೆ. ಆದ್ದರಿಂದ ಕೊಳ್ಳುವಾಗ ಫ್ಲಾಕ್ ಅಥವಾ ವೇವ್ ರೂಪದಲ್ಲೇ ಕೊಳ್ಳಿ.

ಮತ್ತೆ, ದಯವಿಟ್ಟು ಕಿವಿಯನ್ನು ಕಾಪಾಡಿಕೊಳ್ಳಿ. ಅಮೆರಿಕದ ನಿಯೋಶ್ ಸಂಸ್ಥೆ ದುಡಿಯುವ ಜಾಗಕ್ಕೆ ಶಿಫಾರಸು ಮಾಡಿದ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಸಿಗುವುದು ಬರೀ 15 ನಿಮಿಷ. ‘ಪಲ್ಸ್ ಡೆಮನ್’ನ ಕಾಲು ಭಾಗವೂ ಮುಗಿಯುವುದಿಲ್ಲ. ಕಿವಿ ಗುಂಯ್ ಎನ್ನುವಷ್ಟು ಜೋರಾಗಿ ಕೇಳುವುದನ್ನು ಶೌರ್ಯವೆಂದು ಹೇಳಿಕೊಳ್ಳುವವರು ಈ ಸಂಗೀತಕ್ಕೆ ಉಪಕಾರ ಮಾಡುತ್ತಿಲ್ಲ.

ಮೆಲ್ಲಗೆ ಕೇಳಬೇಕಾದ ಪ್ರಯೋಗಗಳೂ ಇವೆ. ಟೋಕಿಯೋದ ಯೊಯೊಗಿಯಲ್ಲಿ 2000ದಿಂದ 2005ರವರೆಗೆ ‘ಆಫ್ ಸೈಟ್’ ಎಂಬ ಪುಟ್ಟ ಜಾಗವಿತ್ತು. ಅಕ್ಕಪಕ್ಕದ ಮನೆಯವರಿಗೆ ತೊಂದರೆಯಾಗಬಾರದೆಂದು ಅಲ್ಲಿ ಬಹಳ ಸಣ್ಣ ದನಿಯಲ್ಲೇ ನುಡಿಸಬೇಕಿತ್ತು. ಅಲ್ಲಿ ನುಡಿಸುತ್ತಿದ್ದವರಲ್ಲಿ ತೊಶಿಮಾರು ನಕಾಮುರಾ ಮಿಕ್ಸರ್‌ನ ಔಟ್‌ಪುಟ್ಟನ್ನು ಅದರ ಇನ್‌ಪುಟ್‌ಗೇ ಸಿಕ್ಕಿಸಿ, ಹೊರಗಿನ ಯಾವ ಸದ್ದೂ ಇಲ್ಲದೆ ನುಡಿಸುತ್ತಾರೆ. ಸಚಿಕೊ ಎಂ. ತಮ್ಮ ಸ್ಯಾಂಪ್ಲರ್‌ನಲ್ಲಿ ಯಾವ ಧ್ವನಿಮುದ್ರಣವನ್ನೂ ಇಟ್ಟುಕೊಳ್ಳದೆ ಯಂತ್ರದ ಒಳಗಿರುವ ಶುದ್ಧ ಸೈನ್ ಅಲೆಯನ್ನಷ್ಟೇ ಬಳಸುತ್ತಾರೆ. ಅವರ ಆಲ್ಬಂಗಳನ್ನು ಹೆಡ್‌ಫೋನ್ ಬಿಟ್ಟು ಸ್ಪೀಕರಿನಲ್ಲೇ ಕೇಳಬೇಕು. ತಲೆಯನ್ನು ಒಂದಿಷ್ಟು ವಾಲಿಸಿ ನೋಡಿ: ಸ್ವರ ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ಇಲ್ಲವಾಗುತ್ತದೆ. ಸ್ಪೀಕರಿನಿಂದ ಬಂದ ಅಲೆಯೂ ಗೋಡೆಗೆ ಬಡಿದು ವಾಪಸಾದ ಅಲೆಯೂ ಕೆಲವೆಡೆ ಕೂಡಿಕೊಳ್ಳುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ನಿಮ್ಮ ಕೋಣೆಯ ಅಳತೆಯೂ ಆ ಸಂಗೀತದ ಪಾಲುದಾರ. ಲಾ ಮಾಂಟೆ ಯಂಗ್ ಮತ್ತು ಮರಿಯನ್ ಜಜೀಲಾ ನ್ಯೂಯಾರ್ಕಿನ ಚರ್ಚ್ ಸ್ಟ್ರೀಟಿನಲ್ಲಿ 1993ರಲ್ಲಿ ತೆರೆದ ‘ಡ್ರೀಮ್ ಹೌಸ್’ ಎಂಬ ಸದ್ದು-ಬೆಳಕಿನ ತಾಣ ನಿಂತಿರುವುದೇ ಈ ಗುಣದ ಮೇಲೆ.

ಬೆಂಗಳೂರಿನವರು ತಪ್ಪದೆ ಕೇಳಬೇಕಾದದ್ದು ಬುಧಾದಿತ್ಯ ಚಟ್ಟೋಪಾಧ್ಯಾಯ ಅವರ ‘ಎಲಿಜಿ ಫಾರ್ ಬ್ಯಾಂಗಲೋರ್’. 2013ರಲ್ಲಿ ಜರ್ಮನಿಯ ಗ್ರೂನ್‌ರೆಕಾರ್ಡರ್ ಹೊರತಂದ ಈ ಕೃತಿ ನಗರದಲ್ಲೇ ಧ್ವನಿಮುದ್ರಿಸಿಕೊಂಡ ಸದ್ದುಗಳಿಂದ ಕಟ್ಟಿದ್ದು. ಫ್ರಾನ್ಸಿನ ಸಂಗೀತ ರಚನಕಾರ ಪಿಯೆರ್ ಶೆಫರ್ 1948ರಲ್ಲಿ ಪ್ಯಾರಿಸಿನ ರೈಲುಗಳ ಸದ್ದನ್ನು ಹಿಡಿದು ಜೋಡಿಸಿದಾಗ ಶುರುವಾದ ದಾರಿ ಇದು. ಬೆಳೆಯುತ್ತಲೇ ಇರುವ ಊರಿನ ಕಾಮಗಾರಿಯ ಸದ್ದಿಗೆ ದಿನವೂ ಬೈಯುವ ನಾವು ಅದಕ್ಕೆ ಎಂದೂ ಪೂರ್ತಿ ಕಿವಿ ಕೊಟ್ಟಿರುವುದಿಲ್ಲ. ಇಲ್ಲಿ ಕೊಟ್ಟವರೊಬ್ಬರಿದ್ದಾರೆ.

ಈ ದಾರಿಗೆ ಹೊಸಬರಾದರೆ ‘ಪಲ್ಸ್ ಡೆಮನ್’ನಿಂದ ಶುರುಮಾಡುವುದು ಬೇಡ. ಮೊದಲು ಅಹಮದಾಬಾದಿನ ಟೇಪುಗಳು, ಆಮೇಲೆ ಈ ಬೆಂಗಳೂರು, ಆಮೇಲೆ ಸಚಿಕೊ ಎಂ. ಅವರ ಆಲ್ಬಂಗಳು. ಅಕಿತಾ ಅವರನ್ನು ಕೊನೆಗೆ ಇಟ್ಟುಕೊಳ್ಳಿ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಒಂದು ಮಧ್ಯಾಹ್ನಕ್ಕೆ.